ನೋಡದೆ ಹಾಕಿದ ಹಸಿರು ಸಹಿ

ಮೊದಲ ದಿನವೇ ಅವರಿಬ್ಬರ ನಡುವೆ ಒಂಬತ್ತು ಅಂಕದ ಜಗಳವಾಯಿತು.

ಪರೀಕ್ಷೆ ಮುಗಿದು ರಜೆ ಬಿಟ್ಟಿದ್ದ ಒಂದು ಶಾಲೆಯನ್ನೇ ಮೌಲ್ಯಮಾಪನ ಕೇಂದ್ರ ಮಾಡಿದ್ದರು. ಎರಡನೇ ಮಹಡಿಯ ಹನ್ನೊಂದನೇ ಕೋಣೆಯಲ್ಲಿ ಗಣಿತ ಪತ್ರಿಕೆ ತಿದ್ದಲು ಬಂದ ಆರು ಜನ, ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಎಲ್ಲಿಡಬೇಕೆಂದು ತಿಳಿಯದೆ ಕೂತಿದ್ದರು. ಅವರ ಮೇಲೊಬ್ಬ ಕೋಣೆಯ ಮುಖ್ಯಸ್ಥ. ಅಸಲಿ ಕೆಲಸ ಶುರುವಾಗುವ ಮುಂಚೆ ಒಂದು ಅಭ್ಯಾಸ ಮಾಡಿಸುತ್ತಾರೆ. ಯಾರೋ ಒಬ್ಬ ವಿದ್ಯಾರ್ಥಿಯ ಉತ್ತರಪತ್ರಿಕೆಯ ಜೆರಾಕ್ಸ್ ಪ್ರತಿಗಳನ್ನು ಏಳು ಜನಕ್ಕೂ ಹಂಚುತ್ತಾರೆ. ಪಕ್ಕದವರದ್ದು ಇಣುಕದೆ ತಿದ್ದಿ, ಒಟ್ಟು ಅಂಕವನ್ನು ಚೀಟಿಯಲ್ಲಿ ಬರೆದು ಕೊಡಬೇಕು.

ಮುಖ್ಯಸ್ಥ ಚೀಟಿಗಳನ್ನು ಬಿಚ್ಚಿ ಕಪ್ಪು ಹಲಗೆಯ ಮೇಲೆ ಸಾಲಾಗಿ ಬರೆದ. ಐವತ್ತನಾಲ್ಕು, ಐವತ್ತಾರು, ಐವತ್ತೇಳು, ಐವತ್ತೇಳು, ಐವತ್ತೊಂಬತ್ತು, ಅರವತ್ತು, ಅರವತ್ತಮೂರು. ಕೋಣೆಯಲ್ಲಿ ಮುಸಿಮುಸಿ ನಗು ಎದ್ದಿತು. ಒಂದೇ ಮಗು, ಅದೇ ಅಕ್ಷರ, ಅದೇ ಲೆಕ್ಕ. ತೂಗಿದ ಕೈ ಮಾತ್ರ ಬೇರೆ ಬೇರೆ.

"ಅರವತ್ತಮೂರು ಯಾರದು?"

ಕಿಟಕಿ ಪಕ್ಕದ ಬೆಂಚಿನಿಂದ ಟೈಲರ ಮಗಳು ಕೈ ಎತ್ತಿದಳು. ಹನ್ನೊಂದು ವರ್ಷದಿಂದ ಗಣಿತ ಕಲಿಸುತ್ತಿದ್ದರೂ ಅವಳ ಬೀದಿಯಲ್ಲಿ ಅವಳಿಗೆ ಅದೇ ಹೆಸರು. ಎತ್ತಿದ ಮೇಲೆ, ಹೋಂವರ್ಕ್ ಮಾಡದೆ ಸಿಕ್ಕಿಬಿದ್ದ ಹುಡುಗಿಯ ಹಾಗೆ ಯಾಕೆ ಕೈ ಎತ್ತಿದೆನೋ ಎಂದು ತನ್ನ ಮೇಲೇ ಸಿಟ್ಟು ಬಂತು.

"ಐವತ್ತನಾಲ್ಕು ಯಾರದು ಅಂತ ನೀವು ಕೇಳಲೇ ಇಲ್ಲ," ಅಂದಳು.

"ಕೇಳೋದು ಯಾಕೆ, ಅದು ನಂದೇ," ಅಂದ ಮುಖ್ಯಸ್ಥ.

ಜಗಳದ ಮೂಲ ಮೂವತ್ತೊಂದನೇ ಪ್ರಶ್ನೆ. ಒಂದು ತೋಟ, ಅದರ ಸುತ್ತ ಒಂದು ಕಾಲುದಾರಿ. ದಾರಿಯ ವಿಸ್ತೀರ್ಣ ಕಂಡುಹಿಡಿಯಬೇಕು. ನಾಲ್ಕು ಅಂಕ. ಮಾದರಿ ಉತ್ತರದಲ್ಲಿ ಸಮೀಕರಣವಿತ್ತು. ಆ ಮಗು ಸಮೀಕರಣದ ಗೊಡವೆಗೇ ಹೋಗಿರಲಿಲ್ಲ. ತೋಟದ ಚಿತ್ರ ಬರೆದು, ದಾರಿಯನ್ನು ನಾಲ್ಕು ಪಟ್ಟಿಗಳಾಗಿ ಕತ್ತರಿಸಿ, ಅವನ್ನು ಒಂದರ ಮುಂದೊಂದು ಜೋಡಿಸಿ, ಉದ್ದ ಅಗಲ ಗುಣಿಸಿ, ಸರಿಯಾದ ಉತ್ತರಕ್ಕೆ ಬಂದು ನಿಂತಿತ್ತು. ಅವಳಿಗೆ ಅದನ್ನು ನೋಡಿ ಕಣ್ಣು ತುಂಬಿ ಬಂದಿತ್ತು. ನಾಲ್ಕಕ್ಕೆ ನಾಲ್ಕು ಕೊಟ್ಟಿದ್ದಳು. ಅವನು ಉತ್ತರಕ್ಕಷ್ಟೇ ಒಂದು ಅಂಕ ಕೊಟ್ಟಿದ್ದ.

"ಪಕ್ಕದ ಕೋಣೆಯಲ್ಲಿ ಇದಕ್ಕೆ ಒಂದೇ ಅಂಕ ಕೊಡ್ತಾರೆ. ನಮ್ಮಲ್ಲಿ ನಾಲ್ಕು. ಯಾವ ಕೋಣೆಗೆ ತನ್ನ ಪತ್ರಿಕೆ ಹೋಗ್ಬೇಕು ಅಂತ ಆ ಮಗು ಆರಿಸ್ಕೊಂಡಿರಲ್ಲ ಮೇಡಂ."

"ಹಾಗಂತ ಎಲ್ಲ ಕೋಣೆಯವರೂ ಸೇರಿ ಒಂದೇ ಥರ ತಪ್ಪು ಮಾಡೋಣ ಅಂತೀರಾ ಸರ್?"

ಅವನು ಆ ಜೆರಾಕ್ಸ್ ಪ್ರತಿಯನ್ನು ಮಡಚಿ ಹಿಡಿದುಕೊಂಡು ಹೊರಟೇಹೋದ. ದೂರು ಕೊಡಲು ಹೋದ ಎಂದುಕೊಂಡಳು. ಹೋಗಲಿ, ಹೆದರುವವಳು ಯಾರು, ಎಂದೂ ಅಂದುಕೊಂಡಳು. ಪಕ್ಕದ ಬೆಂಚಿನಲ್ಲಿ ಕೂತಿದ್ದ ಹಿರಿಯ ಶಿಕ್ಷಕಿ, ಎರಡು ಕನ್ನಡಕ ಇಟ್ಟುಕೊಂಡಿದ್ದರಿಂದ ಎಲ್ಲರೂ ಕನ್ನಡಕದಕ್ಕ ಎಂದೇ ಕರೆಯುತ್ತಿದ್ದವರು, ಮೆಲ್ಲಗೆ ವಾಲಿ ಅವನ ಪ್ರವರ ಹೇಳಿದರು. ಅವನಿಗೆ ಇಲ್ಲಿ ತಕ್ಕಡಿ ಮೇಷ್ಟ್ರು ಅಂತ ಹೆಸರಂತೆ. ಕೂದಲು ಸೀಳುವ ಆಸಾಮಿ. ಆದರೆ ಮನುಷ್ಯ ಕೆಟ್ಟವನಲ್ಲ.

ಒಂದೂವರೆ ಗಂಟೆ ಕಳೆದ ಮೇಲೆ ಅವನು ಬೆವರು ಒರೆಸಿಕೊಳ್ಳುತ್ತ ಬಂದ. ಕೈಯಲ್ಲಿ ಇಡೀ ಕೇಂದ್ರದ ಮೇಲ್ವಿಚಾರಕಿ ಚೀಫ್ ಮೇಡಂ ಸಹಿ ಮಾಡಿದ ಸುತ್ತೋಲೆ. ಮೂವತ್ತೊಂದನೇ ಪ್ರಶ್ನೆಗೆ ಚಿತ್ರದ ಮೂಲಕ ಸರಿಯಾಗಿ ಬಿಡಿಸಿದವರಿಗೆ ಹದಿನಾಲ್ಕು ಕೋಣೆಗಳಲ್ಲೂ ಪೂರ್ತಿ ನಾಲ್ಕು ಅಂಕ ಕೊಡತಕ್ಕದ್ದು. ಅದರ ಒಂದು ಪ್ರತಿಯನ್ನು ಅವಳ ಬೆಂಚಿನ ಮೇಲಿಟ್ಟು, "ಬೆಳಿಗ್ಗೆ ನಿಮಗೊಬ್ಬರಿಗೇ ಸರಿ ಇತ್ತು. ಈಗ ಎಲ್ಲರಿಗೂ ಸರಿ," ಅಂದ.

ಅವಳು ಆ ಕಾಗದವನ್ನು ಎರಡು ಸಲ ಓದಿದಳು. ಮೂರನೇ ಸಲ ಓದುವ ನೆಪದಲ್ಲಿ ಅವನನ್ನು ನೋಡಿದಳು. ಅಂಗಿಯ ತೋಳಿಗೆಲ್ಲ ಸೀಮೆಸುಣ್ಣ. ಹಣೆಯ ಎಡಕ್ಕೆ ಬೆಳ್ಳಿಯ ಎಳೆಯಂಥ ನಾಲ್ಕು ಕೂದಲು. ಇಷ್ಟು ಹೊತ್ತು ಕೋಪ ಬರಿಸಿದ ಮುಖದಲ್ಲಿ ಕೋಪ ಬರಿಸುವಂಥದ್ದು ಏನೂ ಇರಲಿಲ್ಲ.

ಮುಂದಿನ ದಿನಗಳು ಕೆಂಪು ಇಂಕಿನಲ್ಲಿ ಹರಿದವು. ಬೆಳಿಗ್ಗೆ ಒಂದು ಬಂಡಲ್, ಮಧ್ಯಾಹ್ನ ಒಂದು. ಒಂದೊಂದರಲ್ಲೂ ಇಪ್ಪತ್ತು ಪತ್ರಿಕೆ. ಯಾವುದರ ಮೇಲೂ ಹೆಸರಿಲ್ಲ, ಬರೀ ಸಂಖ್ಯೆ. ಆರು ಜನ ಕೆಂಪು ಪೆನ್ನಿನಲ್ಲಿ ತಿದ್ದಿ ಕೊಟ್ಟದ್ದರಲ್ಲಿ, ಬಂಡಲಿಗೆ ಎರಡರಂತೆ ಕೈಗೆ ಸಿಕ್ಕಿದ್ದನ್ನು ಎಳೆದು ಅವನು ಹಸಿರು ಪೆನ್ನಿನಲ್ಲಿ ಮತ್ತೆ ತಿದ್ದಿ ಸಹಿ ಹಾಕುತ್ತಿದ್ದ. ಆಗ ಅವನದೊಂದು ಕ್ರಮವಿತ್ತು. ಅವರು ಹಾಕಿದ ಅಂಕ ಕಾಣದಂತೆ ರಟ್ಟಿನ ಪಟ್ಟಿಯೊಂದನ್ನು ಅಂಚಿಗೆ ಅಡ್ಡ ಇಟ್ಟುಕೊಂಡೇ ಓದುತ್ತಿದ್ದ. ಅದು ಯಾಕೆಂದು ಅವಳು ಒಮ್ಮೆ ಕೇಳಿದಳು.

"ನಿಮ್ಮ ಅಂಕ ಮೊದಲು ನೋಡಿಬಿಟ್ರೆ ಅದೇ ಸರಿ ಅನ್ಸಿಬಿಡುತ್ತೆ," ಅಂದ.

"ನನ್ನದು ಮಾತ್ರಾನಾ, ಎಲ್ಲರದ್ದೂನಾ?"

ಅವನ ಕಿವಿ ಕೆಂಪಾಯಿತು. ಎಲ್ಲರದ್ದೂ ಎಂದು ರಟ್ಟಿನ ಪಟ್ಟಿಗೆ ಹೇಳಿದ.

ಅವನು ಪತ್ರಿಕೆ ಎಣಿಸುವಾಗ ತುಟಿ ಅಲ್ಲಾಡುತ್ತಿತ್ತು. ಒಂದು ದಿನ ಅವಳು ಸುಮ್ಮನೆ ತಲೆ ಎತ್ತಿ ನೋಡಿದಾಗ ಅವನು ಹದಿನೇಳಕ್ಕೆ ಬಂದಿದ್ದವನು ಗಕ್ಕನೆ ನಿಂತು, ಮತ್ತೆ ಒಂದರಿಂದ ಶುರುಮಾಡಿದ. ಅವಳಿಗೆ ಇದು ಕಾಕತಾಳೀಯವಿರಬಹುದು ಅನ್ನಿಸಿತು. ಗಣಿತದವಳಲ್ಲವೇ, ಪರೀಕ್ಷಿಸಿದಳು. ಮರುದಿನ ಹದಿನೈದಕ್ಕೆ ನೋಡಿದಳು. ಮತ್ತೆ ಒಂದರಿಂದ. ಅದರ ಮರುದಿನ ಹತ್ತೊಂಬತ್ತಕ್ಕೆ ನೋಡಿದಳು. ಆವತ್ತು ಅವನು ಬಂಡಲನ್ನು ಎತ್ತಿಕೊಂಡು ಬಂದು ಅವಳ ಬೆಂಚಿನ ಮೇಲೇ ಇಟ್ಟ.

"ನೀವೇ ಎಣಿಸಿಬಿಡಿ ಮೇಡಂ. ನನ್ನ ಕೈಲಿ ಇವತ್ತು ಇದು ಮುಗಿಯಲ್ಲ."

ಕನ್ನಡಕದಕ್ಕ ಕೆಮ್ಮಿದರು. ಕೆಮ್ಮು ಬೇಕಾದ್ದಕ್ಕಿಂತ ಉದ್ದವಾಗಿತ್ತು.

ಊಟದ ಹೊತ್ತಿಗೆ ಎಲ್ಲರೂ ಕಾರಿಡಾರಿನಲ್ಲಿ ಡಬ್ಬಿ ಬಿಚ್ಚುತ್ತಿದ್ದರು. ಅವನ ಫೋನಿಗೆ ದಿನಾ ಒಂದೇ ಸಮಯಕ್ಕೆ ಅವನ ಅಮ್ಮನ ಕರೆ. ಊಟ ಆಯಿತಾ ಎಂದು ಕೇಳಿ, ಆಯಿತು ಎಂದರೆ ಏನು ತಿಂದೆ ಎಂದು ತನಿಖೆ. ಡಬ್ಬಿ ಕಟ್ಟಿಕೊಟ್ಟವರೂ ಅವರೇ. ಅವಳು ಇದಕ್ಕೆ ನಕ್ಕಾಗ ಅವನು, ಅಮ್ಮನದೂ ಮರುಪರಿಶೀಲನೆಯೇ, ರಕ್ತದಲ್ಲಿ ಬಂದದ್ದು ಎಂದು ವಿವರಿಸಿದ. ಅವಳೂ ಅಪ್ಪನ ವಿಷಯ ಹೇಳಿಕೊಂಡಳು. ಅಮ್ಮ ಹೋದ ಮೇಲೆ ಮನೆಯಲ್ಲಿ ಅಪ್ಪ, ಅವಳು, ಒಂದು ಹೊಲಿಗೆ ಮಷೀನು. ಈಗ ಅಪ್ಪನ ಕಣ್ಣಿಗೆ ಪೊರೆ ಬರುತ್ತಿದೆ, ಸೂಜಿಗೆ ದಾರ ಪೋಣಿಸುವಾಗ ಬೈಗುಳ ಹೆಚ್ಚಾಗಿದೆ.

ಏಳನೇ ದಿನ ಬೆಳಿಗ್ಗೆ ಅವಳು ಅರ್ಧ ದಿನ ರಜೆ ಹಾಕಿ ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಮಧ್ಯಾಹ್ನ ಬಂದಾಗ ಅವನು ಬಾಗಿಲಲ್ಲೇ ನಿಂತಿದ್ದ. ಅಪ್ಪನ ಕಣ್ಣು ಹೇಗಿದೆ, ಆಪರೇಷನ್ ಬೇಕಂತಾ, ಯಾವಾಗ, ಜೊತೆಗೆ ಯಾರಾದರೂ ಇದ್ದಾರಾ ಎಂದು ಒಂದರ ಹಿಂದೊಂದು ಕೇಳಿದ. ಬೇಕಾದರೆ ತಾನು ಬರುತ್ತೇನೆ ಎಂದ. ಅವಳಿಗೆ ಮನೆಯಲ್ಲಿ ಕಷ್ಟ ಎಂದರೆ ಅದನ್ನು ಹೊರುವವಳು ತಾನೊಬ್ಬಳೇ ಎಂದು ಎಷ್ಟೋ ವರ್ಷದಿಂದ ರೂಢಿಯಾಗಿತ್ತು. ಪರವಾಗಿಲ್ಲ ಎಂದಷ್ಟೇ ಹೇಳಿ ಬೆಂಚಿನಲ್ಲಿ ಕೂತಳು. ಆವತ್ತು ಮಧ್ಯಾಹ್ನ ಕೆಂಪು ಪೆನ್ನೂ ಹಗುರವಾಗಿತ್ತು.

ಹತ್ತನೇ ದಿನ ಸಂಜೆ ನಾಲ್ಕು ಗಂಟೆ. ಕನ್ನಡಕದಕ್ಕ ತಮ್ಮಷ್ಟಕ್ಕೆ ಗೊಣಗುತ್ತಿದ್ದರು. ಇವನೂ ಚದರ ಸೆಂಟಿಮೀಟರ್ ಅಂತ ಬರೆದಿಲ್ಲ, ಹೋಗಲಿ ಪಾಪ, ಅರ್ಧ ಅಂಕ ತಾನೇ.

ಅವಳು ತಲೆ ಎತ್ತಿದಳು. "ಅರ್ಧಾನಾ ಅಕ್ಕ? ಯೂನಿಟ್ ಬರೀದಿದ್ರೆ ಒಂದಲ್ವಾ ಕಟ್ ಮಾಡೋದು?"

"ಅಯ್ಯೋ, ಅದು ಹಳೇದು ಕಣೇ. ಏಳನೇ ದಿನ ಬೆಳಿಗ್ಗೆನೇ ಸುತ್ತೋಲೆ ಬಂತಲ್ಲ, ಅರ್ಧ ಮಾತ್ರ ಅಂತ. ಮೇಷ್ಟ್ರು ಗಟ್ಟಿಯಾಗಿ ಓದಿ ಹೇಳಿದ್ರು." ಹೇಳುತ್ತ ಹೇಳುತ್ತ ಅವರಿಗೂ ಹೊಳೆಯಿತು. "ನೀನು ಆವತ್ತು ಬೆಳಿಗ್ಗೆ ಇರಲಿಲ್ಲ."

ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. ಏಳನೇ ದಿನದ ಮಧ್ಯಾಹ್ನದಿಂದ ಇವತ್ತಿನವರೆಗೆ ಏಳು ಬಂಡಲ್. ನೂರ ನಲವತ್ತು ಪತ್ರಿಕೆ. ಆರು ಬಂಡಲ್ ಆಗಲೇ ಕೆಳಗಿನ ಕಂಪ್ಯೂಟರ್ ಕೋಣೆಗೆ ಹೋಗಿದ್ದವು. ಏಳನೆಯದು ಅವನ ಸಹಿಯಾಗಿ ಈಗಷ್ಟೇ ವಾಪಸು ಬಂದು ಅವಳ ಬೆಂಚಿನ ಮೇಲಿತ್ತು.

ಬಿಚ್ಚಿದಳು. ಆರನೇ ಪತ್ರಿಕೆಗೆ ಅವನ ಹಸಿರು ಸಹಿ. ಒಳಗೆ ಇಪ್ಪತ್ತನಾಲ್ಕನೇ ಪ್ರಶ್ನೆಗೆ ಅವಳು ಒಂದು ಅಂಕ ಕತ್ತರಿಸಿದ್ದಳು. ಹಸಿರು ಪೆನ್ನು ಅಲ್ಲಿ ತಾಗಿಯೇ ಇರಲಿಲ್ಲ. ಹದಿನೈದನೆಯದಕ್ಕೂ ಸಹಿ. ಅದರಲ್ಲೂ ಅದೇ. ಮೊದಲ ಒಂದು ಕ್ಷಣ ಅವಳಿಗೆ ಏನೋ ಹಿತವೆನಿಸಿತು. ನೋಡದೆ ಸಹಿ ಹಾಕುವಷ್ಟು ನಂಬಿಕೆ. ಮರುಕ್ಷಣ ಹತ್ತೊಂಬತ್ತನೇ ಪತ್ರಿಕೆಯ ಮುಖಪುಟ ಕಣ್ಣಿಗೆ ಬಿತ್ತು. ಮೂವತ್ತನಾಲ್ಕು. ಪಾಸಾಗಲು ಮೂವತ್ತೈದು ಬೇಕು. ಇಲ್ಲೂ ಹೆಚ್ಚಾಗಿ ಕತ್ತರಿಸಿದ್ದ ಅರ್ಧ ವಾಪಸು ಕೊಟ್ಟರೆ ಮೂವತ್ತನಾಲ್ಕೂವರೆ. ಅರ್ಧ ಬಂದರೆ ಮೇಲಕ್ಕೆ ಏರಿಸಬೇಕು ಎನ್ನುವುದು ನಿಯಮ. ಆ ಹಿತವೆಲ್ಲ ಬೆಂಕಿಗೆ ಬಿದ್ದ ಕಾಗದದಂತೆ ಮುದುಡಿಹೋಯಿತು.

ಸಂಜೆ ನಾಲ್ಕೂವರೆಗೆ ಎಲ್ಲರೂ ಎದ್ದ ಮೇಲೆ ಅವಳು ಆ ಮೂರು ಪತ್ರಿಕೆಗಳನ್ನು ಅವನ ಮೇಜಿನ ಮೇಲೆ ಬಿಡಿಸಿ ಇಟ್ಟಳು. ಕನ್ನಡಕದಕ್ಕ ಬ್ಯಾಗಿನ ಜಿಪ್ ಹಾಕುವ ನೆಪದಲ್ಲಿ ಹಿಂದೆಯೇ ಉಳಿದರು.

"ಈ ಮೂರು ದಿನ ನನ್ನ ಬಂಡಲ್ ನೋಡಿದ್ರಾ?"

"ಸಹಿ ಹಾಕಿದೀನಲ್ಲ."

"ನೋಡಿದ್ರಾ ಅಂತ ಕೇಳಿದೆ."

ಅವನು ಪತ್ರಿಕೆಗಳನ್ನು ನೋಡಿದ. ನೋಡುತ್ತ ನೋಡುತ್ತ ಮುಖದ ಬಣ್ಣ ಇಳಿಯಿತು.

"ಇಲ್ಲ."

"ಬೇರೆಯವರದ್ದು?"

"ಎಲ್ಲರದ್ದೂ ನೋಡಿದೀನಿ."

"ನನ್ನದು ಯಾಕಿಲ್ಲ?"

"ನಿಮ್ಮದು ಸರಿ ಇರುತ್ತೆ ಅನ್ಸಿತ್ತು."

ಅವಳು ಹತ್ತೊಂಬತ್ತನೇ ಪತ್ರಿಕೆಯನ್ನು ಅವನ ಕಡೆ ಸರಿಸಿದಳು. "ನಿಮಗೆ ನನ್ನ ಮೇಲೆ ನಂಬಿಕೆ ಅಂತ ಈ ಮಗು ಫೇಲ್ ಆಗ್ಬೇಕಾ ಸರ್? ಮೊದಲ ದಿನ ನನಗೆ ಏನು ಹೇಳಿದ್ರಿ ನೀವು?"

ಅವನು ತಲೆ ತಗ್ಗಿಸಿ ಕೂತ. ಸುತ್ತೋಲೆಯನ್ನು ಅವಳಿಗೆ ಮಧ್ಯಾಹ್ನ ತಿಳಿಸಬೇಕೆಂದು ಕೈಯಲ್ಲೇ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದನಂತೆ. ಅವಳ ಮುಖ ನೋಡಿದ ಮೇಲೆ ಅಪ್ಪನ ಕಣ್ಣಿನ ವಿಷಯ ಬಂತು, ಸುತ್ತೋಲೆ ಜೇಬಿಗೆ ಹೋಯಿತು. ಇದನ್ನು ಹೇಳುವಾಗ ಅವನ ದನಿ ಎಷ್ಟು ಸಣ್ಣದಾಗಿತ್ತೆಂದರೆ, ಬಯ್ಯಲು ಇನ್ನೂ ನಾಲ್ಕು ಮಾತು ಜೋಡಿಸಿಕೊಂಡಿದ್ದವಳಿಗೆ ಅವು ಬಾಯಿಗೆ ಬರಲಿಲ್ಲ.

ಕನ್ನಡಕದಕ್ಕ ಮಧ್ಯೆ ಬಂದು ಬುದ್ಧಿ ಹೇಳಿದರು. ಈ ಒಂದು ಬಂಡಲ್ ಇಲ್ಲೇ ತಿದ್ದಿಬಿಡಿ, ಉಳಿದದ್ದು ಕೆಳಗೆ ಹೋಗಿ ಆಗಿದೆ. ವಾಪಸು ಕೇಳಿದರೆ ಬರಹದಲ್ಲಿ ಕಾರಣ ಕೊಡಬೇಕು, ಮೇಷ್ಟ್ರ ದಾಖಲೆಗೆ ಕಪ್ಪು ಗುರುತು ಬೀಳುತ್ತದೆ, ನಿನ್ನದಕ್ಕೂ ಬಿದ್ದೀತು. ಯಾರಿಗೂ ಗೊತ್ತಾಗುವ ವಿಷಯವಲ್ಲ. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಇಬ್ಬರ ಮೇಲಿನ ಅಕ್ಕರೆಯಿಂದಲೇ ಹೇಳಿದರು.

"ನಮಗೆ ಗೊತ್ತಾಗಿದೆಯಲ್ಲ ಅಕ್ಕ," ಅಂದಳು ಅವಳು. ಅದೇ ಹೊತ್ತಿಗೆ ಅವನು ಡ್ರಾಯರ್ ಎಳೆದು ಬಿಳಿ ಹಾಳೆ ತೆಗೆಯುತ್ತಿದ್ದ.

ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ. ಅಪ್ಪ ಯಾಕೆಂದು ಕೇಳಿದಾಗ ನಡೆದದ್ದನ್ನೆಲ್ಲ ಹೇಳಿದಳು, ಹಿತವೆನಿಸಿದ ಆ ಒಂದು ಕ್ಷಣವನ್ನು ಬಿಟ್ಟು. ಅಪ್ಪ ಕೇಳಿಸಿಕೊಂಡು, ಅಳತೆ ತಪ್ಪಿದ್ದರೆ ಹೊಲಿಗೆ ಬಿಚ್ಚಬೇಕು, ಬೇರೆ ದಾರಿಯೇ ಇಲ್ಲ ಎಂದ. ಆಮೇಲೆ, ಆ ಮೇಷ್ಟ್ರು ಬಿಚ್ಚುತ್ತೇನೆ ಅಂದನಾ ಎಂದು ಕೇಳಿದ. ಅಂದರು ಎಂದಳು. ಅಪ್ಪ ಹೂಂಗುಟ್ಟಿದ.

ಬೆಳಿಗ್ಗೆ ಚೀಫ್ ಮೇಡಂ ಮುಂದೆ ಎರಡು ಪತ್ರಗಳಿದ್ದವು. ನಿವೃತ್ತಿಗೆ ಒಂದೇ ವರ್ಷ ಉಳಿದಿದ್ದ ಹೆಂಗಸು, ನಗುವುದು ಅಪರೂಪ. ಮೊದಲನೆಯದರಲ್ಲಿ ಅವಳು, ರಜೆಯಿಂದ ಬಂದ ಮೇಲೆ ಹೊಸ ಸುತ್ತೋಲೆ ಏನಾದರೂ ಇದೆಯೇ ಎಂದು ವಿಚಾರಿಸಿಕೊಳ್ಳುವುದು ತನ್ನ ಕೆಲಸವಾಗಿತ್ತು, ತಪ್ಪು ತನ್ನದು ಎಂದು ಬರೆದಿದ್ದಳು. ಎರಡನೆಯದರಲ್ಲಿ ಅವನು, ತಿಳಿಸಬೇಕಾದವನು ತಾನು, ಪರಿಶೀಲಿಸದೆ ಹದಿನಾಲ್ಕು ಸಹಿ ಹಾಕಿದವನೂ ತಾನೇ, ಮೇಡಂ ಅವರದು ಏನೂ ತಪ್ಪಿಲ್ಲ ಎಂದು ಬರೆದಿದ್ದ.

ಚೀಫ್ ಮೇಡಂ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರು. ಆರು ಬಂಡಲನ್ನು ವಾಪಸು ತರಿಸಲು ಫೋನಿನಲ್ಲಿ ಹೇಳಿದರು. ನೂರ ನಲವತ್ತನ್ನೂ ಮತ್ತೆ ತಿದ್ದಬೇಕು, ಹದಿಮೂರನೇ ಕೋಣೆಯ ಮುಖ್ಯಸ್ಥರು ಎಲ್ಲವನ್ನೂ ಪರಿಶೀಲಿಸಬೇಕು ಎಂದರು. ಆಮೇಲೆ ಅವನ ಕಡೆ ತಿರುಗಿದರು.

"ಹತ್ತು ವರ್ಷದಿಂದ ನಿಮ್ಮನ್ನ ನೋಡ್ತಿದೀನಿ. ಐದು ಜನರದ್ದು ಸಾಲುಸಾಲು ನೋಡಿ, ಒಬ್ಬರದ್ದು ಮಾತ್ರ ಬಿಟ್ಟಿದೀರಿ. ಪತ್ರದಲ್ಲಿ ಕಾರಣ ಇಲ್ಲ."

ಅವನು ಜೇಬಿನಿಂದ ಇನ್ನೊಂದು ಕಾಗದ ತೆಗೆದು ಕೊಟ್ಟ. ಕೇಂದ್ರದಲ್ಲಿ ಕೆಲಸ ಮಾಡುವವರಿಗೆ ಅಲ್ಲಿ ಸಂಬಂಧಿಕರು ಯಾರಾದರೂ ಇದ್ದರೆ ತುಂಬಿಕೊಡುವ ಫಾರಂ ಅದು. ಗಂಡ ಹೆಂಡತಿ, ಅಣ್ಣ ತಂಗಿ ಇದ್ದರೆ ಒಬ್ಬರ ಕೆಲಸವನ್ನು ಇನ್ನೊಬ್ಬರು ಪರಿಶೀಲಿಸುವ ಹಾಗಿಲ್ಲ. ಚೀಫ್ ಮೇಡಂ ಓದಿದರು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಇನ್ನೊಮ್ಮೆ ಓದಿದರು. ಆಮೇಲೆ ಅದನ್ನು ಅವಳ ಮುಂದೆ ಹಿಡಿದರು.

ಯಾರೊಂದಿಗೆ ಎಂಬ ಜಾಗದಲ್ಲಿ ಅವಳ ಮೌಲ್ಯಮಾಪಕಿ ಸಂಖ್ಯೆ ಇತ್ತು. ಏನು ಸಂಬಂಧ ಎಂಬಲ್ಲಿ, ಒತ್ತಿ ಬರೆದ ಸಣ್ಣ ಅಕ್ಷರಗಳಲ್ಲಿ, ಹೀಗಿತ್ತು: ಸದ್ಯಕ್ಕೆ ಯಾವುದೂ ಇಲ್ಲ. ಆದರೆ ಇವರ ಕೆಲಸವನ್ನು ನಾನು ನಿಷ್ಪಕ್ಷಪಾತವಾಗಿ ನೋಡಲಾರೆ. ಇದು ನನ್ನ ಕಡೆಯಿಂದ ಮಾತ್ರ. ಅವರಿಗೆ ತಿಳಿಯದು. ದಯವಿಟ್ಟು ನನ್ನನ್ನು ಬೇರೆ ಕೋಣೆಗೆ ಹಾಕಿ.

ಅವಳ ಕಿವಿಯಲ್ಲಿ ಫ್ಯಾನಿನ ಸದ್ದೊಂದೇ ಉಳಿಯಿತು. ಅವನು ಗೋಡೆಯ ಮೇಲಿನ ವೇಳಾಪಟ್ಟಿಯನ್ನು, ಅದನ್ನೇ ಇವತ್ತು ಬಾಯಿಪಾಠ ಒಪ್ಪಿಸಬೇಕು ಎಂಬಂತೆ, ನೋಡುತ್ತಿದ್ದ.

"ಇದರಲ್ಲಿ ಇಬ್ಬರ ಸಹಿ ಬೇಕು," ಅಂದರು ಚೀಫ್ ಮೇಡಂ. "ಅವರು ಹೇಳಿದ್ದು ನಿಮಗೆ ಇಷ್ಟ ಇಲ್ಲ ಅಂದ್ರೆ ಹಾಗೇ ಬರೀರಿ. ನಾನು ಇದನ್ನ ಹರಿದು ಹಾಕ್ತೀನಿ, ಅವರನ್ನ ಬೇರೆ ಕೋಣೆಗೆ ಕಳಿಸ್ತೀನಿ, ಇಲ್ಲಿಂದ ಒಂದು ಮಾತೂ ಹೊರಗೆ ಹೋಗಲ್ಲ."

ಅವಳು ಆ ಕಾಗದವನ್ನು ಮಡಚಿ ತನ್ನ ಬ್ಯಾಗಿನಲ್ಲಿಟ್ಟುಕೊಂಡಳು. ಮೊದಲು ಬಂಡಲ್‌ಗಳು ಬರಲಿ ಮೇಡಂ ಎಂದಳು. ಚೀಫ್ ಮೇಡಂ ಮುಖದಲ್ಲಿ ಏನೋ ಸಡಿಲವಾಯಿತು. ನಗುವಿನ ಹತ್ತಿರ ಬಂದು ತಿರುಗಿ ಹೋದಂಥದ್ದು.

ಅವನಿಗೆ ಶಿಕ್ಷೆ ತಪ್ಪಲಿಲ್ಲ. ಮುಖ್ಯಸ್ಥನ ಸ್ಥಾನ ಹೋಯಿತು, ಹಸಿರು ಪೆನ್ನು ವಾಪಸು ಕೊಡಬೇಕಾಯಿತು. ಮುಂದಿನ ಎರಡು ವರ್ಷ ಬರೀ ಮೌಲ್ಯಮಾಪಕನಾಗಿ ಬರಬೇಕು, ಈ ವರ್ಷ ಉಳಿದ ದಿನಗಳಿಗೆ ಐದನೇ ಕೋಣೆ. ಆದರೆ ಅದಕ್ಕೂ ಮುಂಚೆ, ಎರಡು ದಿನ, ಆ ನೂರ ನಲವತ್ತು ಮುಗಿಯುವವರೆಗೆ ಚೀಫ್ ಕಚೇರಿಯ ಉದ್ದದ ಮೇಜಿನಲ್ಲಿ ಮೂವರೂ ಕೂತರು. ಅವಳು ತಿದ್ದುವುದು, ಹದಿಮೂರನೇ ಕೋಣೆಯವರು ಪರಿಶೀಲಿಸುವುದು, ಅವನು ಹಳೆಯ ಅಂಕ ಹೊಸ ಅಂಕ ಎರಡನ್ನೂ ಪಟ್ಟಿ ಮಾಡುವುದು. ಅವನಿಗೆ ಪತ್ರಿಕೆ ಮುಟ್ಟುವ ಅಧಿಕಾರವೂ ಇರಲಿಲ್ಲ.

ಮೊದಲ ದಿನ ಇಬ್ಬರೂ ಅಂಕಗಳನ್ನು ಬಿಟ್ಟು ಬೇರೆ ಏನೂ ಮಾತಾಡಲಿಲ್ಲ. ನಲವತ್ತೆರಡು, ನಲವತ್ತಮೂರು. ಅರವತ್ತೇಳು, ಬದಲಾವಣೆ ಇಲ್ಲ. ಅವಳು ಹೇಳುವುದು, ಅವನು ಬರೆಯುವುದು. ಬರೆದದ್ದನ್ನು ಅವನು ಪ್ರತಿಸಲವೂ ಅವಳಿಗೆ ಓದಿ ಹೇಳುತ್ತಿದ್ದ. ತಪ್ಪೊಪ್ಪಿಗೆಯನ್ನು ನೂರ ನಲವತ್ತು ಸಲ ಓದಿದಂತಿತ್ತು ಆ ದನಿ. ಅವಳು ಗಮನಿಸಿದಳು, ಅವನು ಒಮ್ಮೆಯೂ ತನ್ನನ್ನು ಸಮರ್ಥಿಸಿಕೊಳ್ಳಲಿಲ್ಲ, ಬ್ಯಾಗಿನಲ್ಲಿದ್ದ ಕಾಗದದ ಬಗ್ಗೆ ಒಮ್ಮೆಯೂ ಕೇಳಲಿಲ್ಲ.

ಕೆಲವು ವರ್ಷದ ಹಿಂದೆ ಅವಳಿಗೆ ಒಂದು ಸಂಬಂಧ ನಿಶ್ಚಯವಾಗಿತ್ತು. ಆ ಹುಡುಗ ಏನು ಎಡವಟ್ಟಾದರೂ ಇನ್ನೊಬ್ಬರ ಹೆಸರು ಹೇಳುತ್ತಿದ್ದ. ಕೊನೆಗೆ ಮದುವೆ ಮುರಿದದ್ದಕ್ಕೂ ಅವಳ ಹೆಸರನ್ನೇ ಹೇಳಿದ. ಆಮೇಲೆ ಅವಳು ಆ ಕಡೆ ಯೋಚಿಸಿಯೇ ಇರಲಿಲ್ಲ. ಈಗ ಎದುರಿಗೆ ಒಬ್ಬ, ತನ್ನ ತಪ್ಪನ್ನು ಸಾಲು ಹೊಡೆದು, ಕಾಲಂ ಮಾಡಿ, ತನ್ನದೇ ಅಕ್ಷರದಲ್ಲಿ ದಾಖಲೆ ಮಾಡುತ್ತಿದ್ದ.

ಎರಡನೇ ದಿನ ಮಧ್ಯಾಹ್ನ ಏಳನೇ ಬಂಡಲಿನ ಆ ಹತ್ತೊಂಬತ್ತನೇ ಪತ್ರಿಕೆ ಬಂತು.

"ಮೂವತ್ತನಾಲ್ಕು," ಅಂದಳು. "ಮೂವತ್ತನಾಲ್ಕೂವರೆ. ಮೂವತ್ತೈದು."

ಅವನು ಬರೆಯಲಿಲ್ಲ. ಕತ್ತೆತ್ತಿ ನೋಡಿದಾಗ ಅವನು ಪೆನ್ನು ಕೆಳಗಿಟ್ಟು ಬೆರಳಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದ. ಅವಳು ನೀರಿನ ಬಾಟಲಿಯನ್ನು ಅವನ ಕಡೆ ತಳ್ಳಿದಳು. ಹದಿಮೂರನೇ ಕೋಣೆಯವರು ಕಿಟಕಿಯ ಹೊರಗೆ ಏನನ್ನೋ ಬಹಳ ಆಸಕ್ತಿಯಿಂದ ನೋಡತೊಡಗಿದರು.

ನೂರ ನಲವತ್ತರಲ್ಲಿ ನಲವತ್ತೊಂದರ ಅಂಕ ಬದಲಾಯಿತು. ಮೂರು ಮಕ್ಕಳು ಫೇಲಿನಿಂದ ಪಾಸಿಗೆ ಬಂದರು. ಪಟ್ಟಿಗೆ ಸಹಿಯಾದ ಮೇಲೆ ಅವಳು ಬ್ಯಾಗಿನಿಂದ ಫಾರಂ ತೆಗೆದು, ಅಲ್ಲೇ ನಿಂತು ಎರಡು ಸಾಲು ಬರೆದು, ಸಹಿ ಮಾಡಿ, ಲಕೋಟೆಯಲ್ಲಿ ಹಾಕಿ ಅಂಟಿಸಿ ಚೀಫ್ ಮೇಡಂ ಕೈಗೆ ಕೊಟ್ಟು ಹೊರಟಳು.

ಗೇಟಿನ ಹತ್ತಿರ ಅವನು ಓಡಿಕೊಂಡು ಬಂದ. ಸಂಜೆ ಬಿಸಿಲು ರಸ್ತೆಯ ಮೇಲೆ ಉದ್ದಕ್ಕೆ ಮಲಗಿತ್ತು. ಬಸ್ ಸ್ಟಾಪಿನವರೆಗೆ ಇಬ್ಬರೂ ನಡೆದರು. ಅಲ್ಲಿ ನಿಂತ ಮೇಲೆ ಅವನು ಕೇಳಿದ.

"ಏನು ಬರೆದ್ರಿ ಮೇಡಂ?"

"ಅದು ಗೌಪ್ಯ."

"ಅಂದ್ರೆ..."

"ನೀವು ಬರೆದದ್ದು ಚೀಫ್ ಮೇಡಂಗೆ. ಅದಕ್ಕೆ ನಾನೂ ಅವರಿಗೇ ಬರೆದುಕೊಟ್ಟೆ. ನನಗೆ ಯಾರೂ ಏನೂ ಹೇಳಿಲ್ಲ."

ಅವನು ಅವಳನ್ನು ನೋಡಿದ, ರಸ್ತೆ ನೋಡಿದ, ಮತ್ತೆ ಅವಳನ್ನು ನೋಡಿದ. ಮೂವತ್ತೆಂಟು ವರ್ಷಕ್ಕೂ ತನಗೆ ಮದುವೆಯಾಗದಿರಲು ಕಾರಣವೇನು ಎಂಬುದನ್ನು ಯಾರೂ ಕೇಳದಿದ್ದರೂ ವಿವರಿಸಲು ಶುರುಮಾಡಿದ. ನೋಡಲು ಹೋದ ಕಡೆಯೆಲ್ಲ ಯೋಚಿಸಿ ಹೇಳುತ್ತೇನೆ ಎಂದು ಬರುತ್ತಿದ್ದನಂತೆ. ಯೋಚಿಸಿ ಮುಗಿಸುವಷ್ಟರಲ್ಲಿ ಅವರಿಗೆ ಬೇರೆ ಕಡೆ ಮದುವೆಯಾಗಿ, ಒಬ್ಬರಿಗಂತೂ ಮಗುವೂ ಆಗಿತ್ತಂತೆ. ಅವಳು ನಗು ತಡೆದುಕೊಳ್ಳಲು ಕೆಳತುಟಿ ಕಚ್ಚಿಕೊಂಡಳು. ಒಂದು ಬಸ್ಸು ಬಂದು ಹೋಯಿತು. ಅವಳು ಹತ್ತಲಿಲ್ಲ.

"ಇದನ್ನ ಮಾತ್ರ ನಾನು ಯೋಚನೆ ಮಾಡಿಲ್ಲ," ಅಂದ ಅವನು ಕೊನೆಗೆ. "ಯೋಚನೆ ಮಾಡೋಕೆ ಕೂರೋ ಅಷ್ಟರಲ್ಲಾಗಲೇ ಮನಸ್ಸಾಗಿ ಹೋಗಿತ್ತು. ನೀವು ಇಷ್ಟ ನನಗೆ. ಇಲ್ಲಿನ ಕೆಲಸ ಮುಗಿದ ಮೇಲೂ ನಿಮ್ಮ ಜೊತೆ ಇರ್ಬೇಕು ಅನ್ಸುತ್ತೆ. ಮೊದಲು ನಿಮ್ಮ ತಂದೆಯವರನ್ನ ಕೇಳ್ಬೇಕೋ ನಿಮ್ಮನ್ನೋ, ಅದೂ ಗೊತ್ತಿಲ್ಲ."

"ಮೊದಲು ನನ್ನನ್ನ."

"ಕೇಳ್ತಿದೀನಿ."

ಅವಳಿಗೆ ಹೇಳಬೇಕಾದದ್ದು ತಯಾರಾಗಿಯೇ ಇತ್ತು. "ನನ್ನ ಮೇಲೆ ನಂಬಿಕೆ ಇಟ್ಕೊಳ್ಳಿ. ಆದ್ರೆ ನಂಬಿಕೆ ಇದೆ ಅಂತ ನೋಡೋದು ಬಿಡ್ಬೇಡಿ. ನಾನೂ ತಪ್ಪು ಮಾಡ್ತೀನಿ. ಸುಸ್ತಾಗ್ತೀನಿ. ಏನೂ ಹೇಳದೆ ಒಳಗೇ ಇಟ್ಕೊಳ್ತೀನಿ. ದಿನಾ ನೋಡ್ಬೇಕು ನೀವು. ಅಷ್ಟಾದ್ರೆ ಸಾಕು, ನನಗೆ ಒಪ್ಪಿಗೆ."

"ನೋಡ್ತೀನಿ," ಅಂದ. ಹೇಳಿದವನು ಅಲ್ಲೇ, ಆ ಕ್ಷಣದಿಂದಲೇ, ನೋಡಲು ಶುರುಮಾಡಿದ. ಈ ಸಲ ಕಣ್ಣು ಕೆಳಗೆ ಹಾಕಿದವಳು ಅವಳು.

ಮುಂದಿನ ಬಸ್ಸು ಬಂತು. ಅವಳು ಹತ್ತಿ ಕಿಟಕಿ ಪಕ್ಕ ಕೂತಳು. ಅವನೂ ಹತ್ತಿ ಪಕ್ಕದಲ್ಲಿ ಕೂತ. ಅವನ ಮನೆ ಊರಿನ ಇನ್ನೊಂದು ತುದಿಯಲ್ಲಿದೆ ಎಂಬುದು ಅವಳಿಗೆ ನೆನಪಾದದ್ದು ಮೂರನೇ ಸ್ಟಾಪು ದಾಟಿದ ಮೇಲೆ. ಎಲ್ಲಿಗೆ ಹೊರಟಿರಿ ಎಂದು ಕೇಳಿದಳು. ಇನ್ನೊಬ್ಬರನ್ನು ಕೇಳುವುದು ಬಾಕಿ ಇದೆಯಲ್ಲ, ನಾಳೆಗೆ ಇಟ್ಟರೆ ಮತ್ತೆ ಯೋಚನೆ ಶುರುವಾಗುತ್ತದೆ ಎಂದ.

ಅಪ್ಪ ಕಿಟಕಿಯ ಬೆಳಕಿಗೆ ಮುಖ ಹಾಕಿ ಯಾರದ್ದೋ ಜೇಬು ಹೊಲಿಯುತ್ತಿದ್ದ. ಬಾಗಿಲಲ್ಲಿ ಮಗಳ ಹಿಂದೆ ಇನ್ನೊಂದು ಆಕೃತಿ ಕಂಡು, ಕಣ್ಣು ಕಿರಿದು ಮಾಡಿ, ಗಿರಾಕಿ ಎಂದುಕೊಂಡ. ಏನು ಹೊಲಿಸಬೇಕಿತ್ತು ಎಂದು ಕೇಳಿದ. ಚೀಫ್ ಮೇಡಂ ಎದುರು ಒಂದೂವರೆ ಗಂಟೆ ವಾದ ಮಾಡಬಲ್ಲವನ ಬಾಯಿಂದ ಈಗ ಒಂದು ಅಕ್ಷರ ಹೊರಡಲಿಲ್ಲ. ಚಪ್ಪಲಿ ಬಿಟ್ಟು, ಮತ್ತೆ ಹಾಕಿಕೊಂಡು, ಮತ್ತೆ ಬಿಟ್ಟ.

ಅವಳು ನೋಡುವಷ್ಟು ನೋಡಿ ಕನಿಕರಪಟ್ಟಳು.

"ಅಪ್ಪ, ಇವರಿಗೊಂದು ಕೋಟು ಬೇಕಂತೆ. ಮದುವೆಗೆ."

"ಯಾರ ಮದುವೆ?"

"ನಮ್ಮದು."

ಮಷೀನಿನ ಚಕ್ರ ನಿಂತಿತು. ಅಪ್ಪ ಮೊದಲು ಮಗಳ ಮುಖವನ್ನು ನೋಡಿದ, ಬಹಳ ಹೊತ್ತು ನೋಡಿದ. ಪೊರೆ ಬಂದ ಕಣ್ಣಿಗೂ ಕಾಣುವಷ್ಟು ಅಲ್ಲಿ ಬರೆದಿತ್ತು. ಆಮೇಲೆ ನಿಧಾನವಾಗಿ ಎದ್ದು, ಕೊರಳಿನ ಅಳತೆ ಟೇಪನ್ನು ಕೈಗೆ ತೆಗೆದುಕೊಂಡು, ಆ ಮೇಷ್ಟ್ರ ಹತ್ತಿರ ಹೋಗಿ ನಿಂತ.

"ನೆಟ್ಟಗೆ ನಿಂತ್ಕೊಳ್ಳಪ್ಪ," ಅಂದ. "ಎರಡು ಸಲ ಅಳತೆ ತಗೊಳ್ತೀನಿ."